ಹೆಬ್ಬಾಗಿಲು ಯಾವ ದಾರಿ ನೋಡುತ್ತಿದೆ ಎಂದು ಬರೆದುಕೊಳ್ಳಿ, ಆಮೇಲೆ ಒಡೆಯಿರಿ

ಕಂದಾಯ, ಭೂಮಾಪನ ಮತ್ತು ಲೋಕೋಪಯೋಗಿ ಇಲಾಖೆಗಳ ಅಧಿಕಾರಿಗಳಿಗೆ,
ಶರಾವತಿ ಹಿನ್ನೀರಿನ ಸುತ್ತಮುತ್ತಲಿನ ನಮ್ಮ ಜನಕ್ಕೆ,

ನಮಸ್ಕಾರ.

ನಮ್ಮ ಕಡೆಯ ರಸ್ತೆ ಅಗಲ ಮಾಡುವ ಮಾತು ಶುರುವಾಗಿದೆ. ಅಳತೆಯವರು ಬಂದು ಹೋಗಿದ್ದಾರೆ. ನಮ್ಮ ಹಳೆ ಮನೆಯ ಕೊಟ್ಟಿಗೆ ಗೋಡೆಗೆ ಬಣ್ಣದ ಗುರುತು ಬಿದ್ದಿದೆ. ರಸ್ತೆ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಮಳೆಗಾಲದಲ್ಲಿ ರೋಗಿಗಳನ್ನು ಕೂರಿಸಿಕೊಂಡು ಲಾಂಚ್‌ಗೆ ಕಾದ ಸೀಮೆ ನಮ್ಮದು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ಹಿನ್ನೀರಿನ ಎರಡೂ ದಡದಲ್ಲಿ ಹಬ್ಬವೇ ಆಯಿತು. ರಸ್ತೆಯ ಬೆಲೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಕೇಳುವುದು ಬೇರೆ. ಹಳೆ ಮನೆಯೊಂದು ಹೋಗುವ ಮುಂಚೆ ಅದು ಎಲ್ಲಿ ನಿಂತಿತ್ತು, ಯಾವ ದಾರಿಗೆ ಮುಖ ಮಾಡಿತ್ತು, ಆ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಸರ್ಕಾರಿ ದಾಖಲೆಗೆ ಸೇರಬೇಕು. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಮ್ಮ ಮನೆ ಟಾರ್ ರಸ್ತೆಗೆ ಬೆನ್ನು ಹಾಕಿ ಕೂತಿದೆ. ಬಸ್ಸಿಂದ ಇಳಿದವರಿಗೆ ಮೊದಲು ಕಾಣುವುದು ಕೊಟ್ಟಿಗೆ, ಗೊಬ್ಬರದ ಗುಂಡಿ, ಬಚ್ಚಲುಮನೆ. ಹೊಸಬರು ಹಿತ್ತಿಲ ಬಾಗಿಲಲ್ಲೇ ನಿಂತು ಕೂಗುತ್ತಾರೆ. ಹೆಬ್ಬಾಗಿಲು, ಜಗಲಿ ಎಲ್ಲಾ ಇರುವುದು ಇಳಿಜಾರಿನ ಕಡೆಗೆ. ಮುಂದೆ ಅಂಗಳ. ಅಂಗಳದಾಚೆ ಉಣುಗೋಲು, ಅಂದರೆ ಕಂಬಗಳ ನಡುವಿನ ಅಡ್ಡಗೋಲು ಸರಿಸಿ ದಾಟುವ ಬಾಗಿಲು. ಉಣುಗೋಲು ದಾಟಿದರೆ ಎರಡೂ ಬದಿ ಧರೆ ಎದ್ದ ಗಾಡಿದಾರಿ. ಎಷ್ಟು ಚಕ್ರ ಉರುಳಿದ್ದವೋ, ದಾರಿಯೇ ಆಳೆತ್ತರ ಕೆಳಗಿಳಿದಿದೆ. ಅದರಲ್ಲಿ ನಡೆಯುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಮುಂದೆ ನೀರು. ದಾರಿ ನೀರಿನೊಳಗೆ ಹೋಗಿಬಿಡುತ್ತದೆ.

ವಾಸ್ತು ತಪ್ಪಿದ ಮನೆ ಎಂದು ನಗುವವರಿದ್ದಾರೆ. ಮನೆ ಸರಿಯಾಗಿಯೇ ಇದೆ. ರಸ್ತೆ ಜಾಗ ಬದಲಿಸಿತು.

ಅದು ಬದಲಿಸಿದ್ದು ಒಂದೇ ಸಲಕ್ಕಲ್ಲ. ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದು 1948ರಲ್ಲಿ. ಆಗ ಕೆಳಗಿನ ಗದ್ದೆಬಯಲು, ಹೊಳೆ ಬದಿಯ ಊರುಗಳು ಹೋದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ನೀರು ಎಷ್ಟು ಏರಿತೆಂದರೆ ಹಳೆಯ ಅಣೆಕಟ್ಟೂ ಅದರಲ್ಲಿ ಮುಳುಗಿತು. ಲಿಂಗನಮಕ್ಕಿಯ ಪೂರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಈ ಅಂಕಿ ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ಆ ಗೆರೆಯ ಕೆಳಗಿದ್ದವರು ಮನೆಮಠ ಬಿಟ್ಟು ಲಾರಿ ಹತ್ತಿದರು. ಅವರಲ್ಲಿ ಎಷ್ಟೋ ಮನೆಗಳವರು ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿದ್ದಾರೆ. ಅವರ ನಷ್ಟದ ಮುಂದೆ ನಮ್ಮದು ಏನೂ ಅಲ್ಲ. ಆದರೂ ಹೇಳಬೇಕು: ಗೆರೆಯ ಮೇಲಿದ್ದ ನಮ್ಮಂಥವರಿಗೆ ಮನೆ ಉಳಿಯಿತು, ದಾರಿ ಹೋಯಿತು. ಸಂತೆಗೆ, ನೆಂಟರ ಮನೆಗೆ, ದೇವಸ್ಥಾನಕ್ಕೆ ಹೋಗುತ್ತಿದ್ದ ದಾರಿಯೆಲ್ಲ ಇಳಿಜಾರಿನ ಕಡೆಗಿತ್ತು. ಅದು ಮುಚ್ಚಿದ ಮೇಲೆ ಗುಡ್ಡದ ಮೇಲಿನ ಕಾಲುದಾರಿಯೇ ಜೀಪ್ ದಾರಿ ಆಯಿತು. ಆಮೇಲೆ ಜಲ್ಲಿ ಬಿತ್ತು, ಟಾರ್ ಬಿತ್ತು. ಹೀಗೆ ಹಿತ್ತಿಲೇ ಮುಂಬಾಗಿಲಾಯಿತು.

ಹಳೆ ದಾರಿಯಲ್ಲಿ ಏನೇನು ಬಂದಿತ್ತು ಎಂದು ತಿಳಿಯಲು ಮನೆಯನ್ನೇ ನೋಡಿದರೆ ಸಾಕು. ಮಾಡಿಗೆ ಹೊದೆಸಿರುವುದು ಮಂಗಳೂರು ಹೆಂಚು. ಅದಕ್ಕೂ ಮುಂಚೆ ಸೋಗೆ ಮಾಡು ಇತ್ತಂತೆ. ಹೆಂಚು ಹೊದೆಸಿದ್ದು ಯಾವಾಗ ಎಂದು ಬರೆದಿಟ್ಟವರಿಲ್ಲ. ಆದರೆ ಹೆಂಚಿನ ಮೇಲೆ ಅಚ್ಚು ಇದೆಯಲ್ಲ! ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕೆಲವು ಹೆಂಚುಗಳ ಮೇಲೆ ಆ ವರ್ಷವೇ ಇರುತ್ತದೆ. ಅದನ್ನು ನೋಡಿ ‘ನಮ್ಮದು 1865ರ ಮನೆ’ ಎಂದು ಹೆಮ್ಮೆಪಡುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಅದು ಕಾರ್ಖಾನೆಯ ವರ್ಷ, ಮನೆಯದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆಗಳು ಮಿಷನ್ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಹಾಗಾಗಿ ಟ್ರಸ್ಟ್‌ನ ಅಚ್ಚು ಇದ್ದರೆ ಆ ಹೆಂಚು ಆ ಯುದ್ಧಕ್ಕಿಂತ ಹಳೆಯದಲ್ಲ ಎಂದು ಖಾತ್ರಿ ಮಾಡಿಕೊಳ್ಳಬಹುದು. ನಮ್ಮ ಮಾಡಿನಲ್ಲಿ ಎರಡೂ ಬೆರೆತಿವೆ. ಒಡೆದಷ್ಟು ಬದಲಿಸುತ್ತಾ ಬಂದಿದ್ದಾರೆ.

ಈ ಹೆಂಚು ಇಲ್ಲಿಗೆ ಹೇಗೆ ಬಂತು? ಹಿರಿಯರು ಹೇಳುತ್ತಿದ್ದುದು ಹೀಗೆ: ಮಂಗಳೂರಿಂದ ಹೊನ್ನಾವರಕ್ಕೆ ಹಾಯಿ ಹಡಗು. ಹೊನ್ನಾವರದಿಂದ ಶರಾವತಿಯಲ್ಲೇ ದೋಣಿ ಮೇಲೆ ಗೇರುಸೊಪ್ಪೆ. ಅಲ್ಲಿಂದ ಎತ್ತಿನಗಾಡಿಯಲ್ಲಿ ಘಟ್ಟ ಹತ್ತಿ ನಮ್ಮ ಉಣುಗೋಲಿನ ತನಕ. ವಾಪಸ್ ಹೋಗುವ ಗಾಡಿಯಲ್ಲಿ ಅಡಿಕೆ ಮೂಟೆ. ಆ ಕಡೆಯಿಂದ ಉಪ್ಪು, ಒಣಮೀನು, ತೆಂಗಿನಕಾಯಿ. ಗಾಡಿಗೂ ಮುಂಚೆ ಹೇರಿನ ಎತ್ತುಗಳ ಕಾಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಸುಮ್ನೆ ಅಲ್ಲ. ಆ ಮೆಣಸು ಬಂದರು ಮುಟ್ಟಲು ಕಾಡಿನೊಳಗೆ ದಾರಿಗಳಿದ್ದವು, ದಾರಿ ಪಕ್ಕ ಮನೆಗಳಿದ್ದವು. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲೇ ಗದ್ದೆ ತೋಟ ಅಳೆಸಿ ‘ಶಿಸ್ತು’ ಎಂಬ ಕಂದಾಯ ನಿಗದಿ ಮಾಡಿದ ಸೀಮೆ ಇದು. ಅಳತೆ, ದಾಖಲೆ ನಮಗೇನೂ ಹೊಸತಲ್ಲ.

ಇನ್ನೊಂದನ್ನೂ ಹೇಳದೆ ಹೋದರೆ ಅನ್ಯಾಯ. ಹಳೆ ಮನೆಯ ಚರಿತ್ರೆ ಎಂದರೆ ಕೆತ್ತನೆಯ ಕಂಬ, ಬೋದಿಗೆ, ಮುಚ್ಚಿಗೆ ಎಂದು ಹಾಡಿ ಹೊಗಳುವುದು ಈಗ ಜಾಸ್ತಿ ಆಗಿದೆ. ಆ ಕಂಬ ಹೊತ್ತು ತಂದವರು ಯಾರು? ನಮ್ಮ ಗಾಡಿದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡಿದ್ದು ಗೇಣಿ ಭತ್ತದ ಗಾಡಿಗಳು. ಮನೆಯೊಳಗೆ ಭತ್ತ ತುಂಬಿಡುವ ದೊಡ್ಡ ಪಣತ ಇದೆ. ಅದು ತುಂಬಿದ್ದು ಬೇರೆಯವರ ಬೆವರಿಂದ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ಎಚ್. ಗಣಪತಿಯಪ್ಪ ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ಡಿಕ್ಲರೇಷನ್ (ಉಳುವ ಭೂಮಿ ತಮಗೆ ಸೇರಬೇಕೆಂಬ ಅರ್ಜಿ) ಹಾಕಿದರು, ಭೂಮಿ ಉಳುವವರ ಹೆಸರಿಗೆ ಬಂತು. ನಮ್ಮ ಮನೆಯ ಜಮೀನೂ ಹೋಯಿತು. ಹೋಗಬೇಕಾದ್ದೇ ಎಂದು ನನ್ನ ಅಭಿಪ್ರಾಯ. ಮನೆಯಲ್ಲಿ ಎಲ್ಲರೂ ಒಪ್ಪುವುದಿಲ್ಲ, ಅದು ಬೇರೆ ಮಾತು. ನನ್ನ ತಕರಾರು ಇಷ್ಟೇ: ಮನೆಯ ದಾಖಲೆ ಮಾಡುವುದಾದರೆ ಜಗಲಿಯ ಮೇಲೆ ಕೂತವರದ್ದು ಮಾತ್ರ ಮಾಡಬೇಡಿ. ಅಂಗಳದಲ್ಲಿ ನಿಂತವರದ್ದೂ ಮಾಡಿ. ಅವರು ಬಂದ ದಾರಿ ಯಾವುದು, ಅವರ ಕೇರಿ ಎಲ್ಲಿತ್ತು, ಅದು ಈಗ ನೀರಿನಲ್ಲಿದೆಯೋ ದಡದಲ್ಲಿದೆಯೋ, ಎಲ್ಲಾ ಬರೆಯಿರಿ.

ಈಗ ನಿಮ್ಮ ಇಲಾಖೆಗಳ ವಿಷಯಕ್ಕೆ ಬರುತ್ತೇನೆ.

ಮೈಸೂರು ಸಂಸ್ಥಾನದಲ್ಲಿ ಸರಪಳಿ ಹಿಡಿದು ಕಂದಾಯದ ಸರ್ವೆ ಶುರುವಾಗಿದ್ದು 1863ರಲ್ಲಿ. ಆವತ್ತಿಂದ ಬಂದ ಗ್ರಾಮ ನಕ್ಷೆ, ಟಿಪ್ಪಣಿ (ಅಳತೆಯ ಚಿತ್ರ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ನಿಮ್ಮ ರೆಕಾರ್ಡ್ ರೂಮುಗಳಲ್ಲಿವೆ. ಆ ನಕ್ಷೆಗಳಲ್ಲಿ ಗಾಡಿದಾರಿಗೆ ಒಂದು ಗುರುತು, ಕಾಲುದಾರಿಗೆ ಇನ್ನೊಂದು ಗುರುತು ಇದೆ. ಹಳ್ಳಿಯಲ್ಲಿ ದಾರಿ ಜಗಳ ಬಂದಾಗ ‘ನಕ್ಷೆ ಕಂಡ ದಾರಿಯಾ?’ ಎಂದು ಮೊದಲು ಕೇಳುವುದು ಇದಕ್ಕೇ. ಪಹಣಿಯಲ್ಲಿ ಬಿ ಖರಾಬು ಎಂದು, ಅಂದರೆ ಸಾಗುವಳಿಗೆ ಸೇರಿಸದೆ, ತೆಗೆದಿಟ್ಟ ಜಾಗದಲ್ಲಿ ಇಂಥ ದಾರಿಗಳು ಬರುತ್ತವೆ. ಅದು ಸಾರ್ವಜನಿಕರದ್ದು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ಸರ್ಕಾರದ ಸ್ವತ್ತು. ಕಾಯ್ದೆ ಚೆನ್ನಾಗಿಯೇ ಇದೆ. ಆದರೆ ನೆಲದ ಮೇಲೆ ಏನಾಗಿದೆ? ಟಾರ್ ರಸ್ತೆ ಬಂದ ಕೂಡಲೇ ಹಳೆ ದಾರಿಗೆ ಬೇಲಿ ಬಿತ್ತು. ಕೆಲವು ಕಡೆ ಅಡಿಕೆ ಸಸಿಯೇ ಎದ್ದಿದೆ. ಸರ್ಕಾರದ ಸ್ವತ್ತು ಎಂದು ಸರ್ಕಾರಕ್ಕೇ ನೆನಪಿಲ್ಲ.

ಗ್ರಾಮ ನಕ್ಷೆಗಳನ್ನು ಅಂತರ್ಜಾಲಕ್ಕೆ ಹಾಕಿದ್ದೀರಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2000ದ ಹೊತ್ತಿಗೆ ‘ಭೂಮಿ’ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಈಗ ರೆಕಾರ್ಡ್ ರೂಮಿನ ಹಳೆ ಕಡತಗಳನ್ನೂ ಸ್ಕ್ಯಾನ್ ಮಾಡಿಸುತ್ತಿದ್ದೀರಿ. ಇದು ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಕೊರತೆ ಇರುವುದು ಇನ್ನೊಂದು ಕಡೆ. ಮುಳುಗಡೆ ಊರುಗಳ ಹಳೆ ನಕ್ಷೆ ಕೇಳಲು ನಾನು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀರೊಳಗೆ ಹೋಗಿರೋ ದಾರಿ ಕಟ್ಕೊಂಡು ಏನ್ ಮಾಡ್ತೀರಾ ಸ್ವಾಮಿ?” ಎಂದರು. ಪಾಪ, ಅವರಿಗೆ ಅವತ್ತಿನ ಕೆಲಸವೇ ಸಾಕಷ್ಟಿತ್ತು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಅದಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ.

ಮೊದಲನೆಯದಾಗಿ ದಾರಿ ಪೂರ್ತಿ ಮುಳುಗಿಲ್ಲ. ದಡದಿಂದ ಮೇಲಿನ ತುಂಡು ಹಾಗೇ ಇದೆ. ತೋಟಕ್ಕೆ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕೆ, ಸ್ಮಶಾನಕ್ಕೆ ಹೋಗುವವರು ಇವತ್ತಿಗೂ ಅದರಲ್ಲೇ ನಡೆಯುತ್ತಾರೆ. ನಾಳೆ ಯಾರೋ ಬೇಲಿ ಹಾಕಿದರೆ ಮಾತು ಕೋರ್ಟಿಗೆ ಹೋಗುತ್ತದೆ. ಖಾಸಗಿ ಜಮೀನಿನಲ್ಲಾದರೆ 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಓಡಾಡಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆ ರಕ್ಷಣೆ ಕೊಡುತ್ತದೆ. ಆದರೆ ಓಡಾಡಿದ್ದಕ್ಕೆ ಸಾಕ್ಷಿ ಏನು? ಮುದುಕರ ಮಾತು. ಮುದುಕರು ಹೋದ ಮೇಲೆ? ಆಗ ಉಳಿಯುವುದು ಹೆಬ್ಬಾಗಿಲು, ಅದರ ಮೆಟ್ಟಿಲು, ಅಂಗಳದಾಚೆಯ ಉಣುಗೋಲಿನ ಕಲ್ಲುಕಂಬ, ಹಳ್ಳ ದಾಟಲು ಹಾಕಿದ ಸಂಕ (ಕಿರುಸೇತುವೆ), ಹೊರೆ ಇಳಿಸಿ ಸುಧಾರಿಸಿಕೊಳ್ಳಲು ನಿಲ್ಲಿಸಿದ ಕಲ್ಲು. ಯಾವ ಮನುಷ್ಯನೂ ದಾರಿ ಇಲ್ಲದ ಕಡೆಗೆ ಹೆಬ್ಬಾಗಿಲು ಇಡುವುದಿಲ್ಲ, ಅಲ್ವಾ? ರಸ್ತೆ ಕೆಲಸದ ಜೆಸಿಬಿ ಮನೆಯನ್ನು ಕೆಡವಿದ ದಿನ ಈ ಸಾಕ್ಷಿಯೂ ಕೆಡವಿದ ಹಾಗೆ.

ಎರಡನೆಯದು ಮುಳುಗಡೆಯವರ ಪ್ರಶ್ನೆ. ಹಕ್ಕುಪತ್ರಕ್ಕೆ ಅರ್ಜಿ ಹಾಕಿದವರನ್ನು ‘ನಿಮ್ಮ ಮೂಲ ಊರು, ಮನೆ ಯಾವುದು, ದಾಖಲೆ ತನ್ನಿ’ ಎಂದು ಕೇಳುತ್ತಾರೆ. ರಾತ್ರೋರಾತ್ರಿ ಸಾಮಾನು ಕಟ್ಟಿದವರ ಬಳಿ ಎಂಥ ದಾಖಲೆ ಇರುತ್ತದೆ? ಮಳೆ ಕಮ್ಮಿಯಾದ ವರ್ಷ ಮೇ ತಿಂಗಳಿನಲ್ಲಿ ಹಿನ್ನೀರು ಕೆಳಗಿಳಿದಾಗ ಬಂದು ನೋಡಿ. ಮನೆಗಳ ತಳಪಾಯ, ಬಾವಿಕಟ್ಟೆ, ಮರದ ಬೊಡ್ಡೆ, ಅವುಗಳ ನಡುವೆ ಗಾಡಿದಾರಿ, ಎಲ್ಲಾ ಎದ್ದು ಬರುತ್ತವೆ. ತೀರಾ ಇಳಿದರೆ ಹಿರೇಭಾಸ್ಕರ ಅಣೆಕಟ್ಟೂ ತಲೆ ಎತ್ತುತ್ತದೆ. ಪ್ರವಾಸಿಗರು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಿಮ್ಮ ಇಲಾಖೆಯಲ್ಲಿ ಈಗ ಡ್ರೋನ್ ಇದೆ. ಹಳ್ಳಿಗಳ ಮನೆಜಾಗ ಅಳೆಯಲು ಅದನ್ನು ಹಾರಿಸುತ್ತೀರಿ. ಅದನ್ನೇ ಒಂದು ಬೇಸಿಗೆ ಇಲ್ಲಿ ಹಾರಿಸಿ. ಎದ್ದುಬಂದ ತಳಪಾಯ, ದಾರಿಗಳ ಮೇಲೆ ಹಳೆ ಗ್ರಾಮ ನಕ್ಷೆಯನ್ನು ಕೂರಿಸಿ. ಯಾವ ಸರ್ವೆ ನಂಬರಿನಲ್ಲಿ ಮನೆ ಇತ್ತು, ಯಾವುದರಲ್ಲಿ ಇರಲಿಲ್ಲ ಎಂದು ಕಣ್ಣಿಗೆ ಕಾಣುತ್ತದೆ. ಹೂಳು ವರ್ಷವರ್ಷ ಏರುತ್ತಿದೆ. ಇದನ್ನು ಜಾಸ್ತಿ ವರ್ಷ ಮುಂದಕ್ಕೆ ಹಾಕುವ ಹಾಗಿಲ್ಲ.

ಇನ್ನು ಲೋಕೋಪಯೋಗಿ ಇಲಾಖೆಯವರಿಗೆ ಎರಡು ಮಾತು. 2013ರ ಭೂಸ್ವಾಧೀನ ಕಾಯ್ದೆಯ 29ನೇ ಕಲಂನಲ್ಲಿ ಕಟ್ಟಡದ ಬೆಲೆಯನ್ನು ಎಂಜಿನಿಯರ್ ಸಹಾಯ ಪಡೆದು ನಿಗದಿ ಮಾಡಬಹುದು ಎಂದಿದೆ. ಅದರ ಮೇಲೆ 30ನೇ ಕಲಂ ಪ್ರಕಾರ ಪರಿಹಾರದಷ್ಟೇ ಮೊತ್ತದ ಸೊಲೇಷಿಯಂ (ಸಾಂತ್ವನದ ಹಣ) ಕೂಡ ಸಿಗುತ್ತದೆ. ದುಡ್ಡಿನ ಬಗ್ಗೆ ನಾನು ಕೊಸರಾಡುವುದಿಲ್ಲ. ಆದರೆ ಎಂಜಿನಿಯರ್ ಬೆಲೆ ಕಟ್ಟುವಾಗ ಗೋಡೆಯ ಅಳತೆ, ಮರದ ಅಳತೆ, ಹೆಂಚಿನ ಲೆಕ್ಕ ಎಲ್ಲಾ ಬರೆಯುತ್ತಾರೆ ತಾನೆ? ಹೇಗೂ ಮನೆ ಸುತ್ತ ಟೇಪು ಹಿಡಿದು ಓಡಾಡುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಹಾಳೆ ಸೇರಿಸಲಿ. ಮನೆಯ ನೆಲನಕ್ಷೆ, ನಾಲ್ಕೂ ದಿಕ್ಕಿನ ಫೋಟೊ, ಹೆಬ್ಬಾಗಿಲಿನ ದಿಕ್ಕು, ಹೆಂಚಿನ ಅಚ್ಚು, ಬಾವಿ, ಕಟ್ಟೆ, ಮನೆಯಿಂದ ಹೊರಟ ಪ್ರತಿಯೊಂದು ದಾರಿ. ಅರ್ಧ ದಿನದ ಕೆಲಸ. ಕಡತದ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ಎಂಜಿನಿಯರಿಂಗ್ ಲೆಕ್ಕದಲ್ಲಿ ವಯಸ್ಸಾದ ಕಟ್ಟಡಕ್ಕೆ ಸವಕಳಿ ಕಳೆದು ಬೆಲೆ ಹಾಕುತ್ತಾರೆ. ಹಳತಾದಷ್ಟೂ ಬೆಲೆ ಕಮ್ಮಿ. ದಾಖಲೆಯ ಲೆಕ್ಕದಲ್ಲಿ ಇದು ಉಲ್ಟಾ ಎಂದು ಮಾತ್ರ ನೆನಪಿಸುತ್ತೇನೆ.

ಪುರಾತತ್ವದವರಿಗೆ ಬರೆಯಬಾರದೇ ಎಂದು ಸ್ನೇಹಿತರು ಕೇಳಿದರು. ಬರೆಯಬಹುದು. ನಮ್ಮ ರಾಜ್ಯದ ಸ್ಮಾರಕ ಕಾಯ್ದೆ 1961ರದ್ದು. ದೇವಸ್ಥಾನ, ಕೋಟೆ, ಶಾಸನ ಅದರಡಿ ಬಂದಿವೆ. ರೈತರ ಮನೆ ಅಲ್ಲಿಗೆ ತಲುಪುವುದು ಅಪರೂಪ. ಒಂದು ತಮಾಷೆ ಕೇಳಿ. 1972ರ ಕೇಂದ್ರ ಕಾಯ್ದೆ ಪುರಾತನ ವಸ್ತು ಎಂದರೇನು ಎಂದು ವಿವರಿಸುವಾಗ ಕಟ್ಟಡದಿಂದ ಬೇರ್ಪಟ್ಟ ವಸ್ತುವನ್ನೂ ಸೇರಿಸಿಕೊಂಡಿದೆ, ನೂರು ವರ್ಷ ಆಗಿದ್ದರೆ ಸಾಕು. ಅಂದರೆ ನಮ್ಮ ಮನೆಯ ಕಂಬ ಮಾಡು ಹೊತ್ತು ನಿಂತಿರುವ ತನಕ ಯಾರಿಗೂ ಏನೂ ಅಲ್ಲ. ಕಿತ್ತು ಲಾರಿಗೆ ಹಾಕಿದ ಮೇಲೆ ಅದು ಪುರಾತನ ವಸ್ತು!

ಹೀಗೆ ಕಿತ್ತು ಹೋದ ಕಂಬ, ಬಾಗಿಲುಗಳು ಈಗ ರೆಸಾರ್ಟ್‌ಗಳಲ್ಲಿವೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಅವರ ಶ್ರದ್ಧೆಗೆ ಕೈಮುಗಿಯಬೇಕು. ಅವರು ತರದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದವು. ಆದರೂ ಅಲ್ಲಿ ನಿಂತಾಗ ನನಗೆ ಒಂದು ಪ್ರಶ್ನೆ ಕಾಡಿತು. ಮನೆ ಬಂತು, ಅದರ ದಾರಿ ಎಲ್ಲಿ? ಯಾವ ತಿರುವಿನಲ್ಲಿ ಬಂದವರಿಗೆ ಈ ಹೆಬ್ಬಾಗಿಲು ಮೊದಲು ಕಾಣುತ್ತಿತ್ತು? ದಾರಿಯನ್ನು ಬಿಚ್ಚಿ ತರಲು ಬರುವುದಿಲ್ಲ. ಅದನ್ನು ಇದ್ದಲ್ಲೇ ಅಳೆದು ಬರೆದಿಡಬೇಕು.

ಕೊನೆಗೆ ನಮ್ಮ ಜನಕ್ಕೆ. ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೇಲಿ ಒಂದು ಗಜ ಮುಂದೆ ಹಾಕಿದವರು ನಾವೇ. ಹಳೆ ಕಂದಾಯದ ರಸೀದಿ, ಗೇಣಿ ಚೀಟಿ, ಕೈಬರಹದ ಪಹಣಿಯನ್ನು ಗೆದ್ದಲಿಗೆ ಬಿಟ್ಟವರೂ ನಾವೇ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕಂಬ ಮಾರುವುದಿದ್ದರೆ ಮಾರಿ, ಬಡತನಕ್ಕೆ ಉಪದೇಶ ಮಾಡಲು ನಾನ್ಯಾರು? ಮಾರುವ ಮುಂಚೆ ಮಾತ್ರ ಮನೆಯ ಒಂದು ನಕ್ಷೆ ಹಾಕಿಡಿ. ಶಾಲೆಗೆ ಹೋಗುವ ಮಗುವೂ ಹಾಕಬಲ್ಲದು. ಎಂಬತ್ತು ದಾಟಿದವರನ್ನು ಕೂರಿಸಿಕೊಂಡು ‘ಅಜ್ಜಾ, ನೀವು ಮದುವೆ ದಿಬ್ಬಣ ಹೋಗಿದ್ದು ಯಾವ ದಾರಿಯಲ್ಲಿ?’ ಎಂದು ಕೇಳಿ. ಲಿಂಗನಮಕ್ಕಿ ತುಂಬುವ ಮುಂಚಿನ ದಾರಿಗಳಲ್ಲಿ ನಡೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಹೆಚ್ಚು ಜನ ಉಳಿದಿಲ್ಲ.

ಅಧಿಕಾರಿಗಳೇ, ನಮ್ಮ ಮನೆಯ ಬಗ್ಗೆ ನೀವು ಏನು ತೀರ್ಮಾನ ಮಾಡುತ್ತೀರೋ ಗೊತ್ತಿಲ್ಲ. ಕೊಟ್ಟಿಗೆ ಮಾತ್ರ ಹೋದರೆ ನಮ್ಮದೇನೂ ಆಕ್ಷೇಪ ಇಲ್ಲ. ಪಡಸಾಲೆಯ ತನಕ ಬರುವುದಾದರೆ ಕುಳಿತು ಮಾತಾಡೋಣ, ರಸ್ತೆಯನ್ನು ಎದುರು ಬದಿಗೆ ಸ್ವಲ್ಪ ಸರಿಸಲು ಜಾಗ ಇದೆ. ಅಲ್ಲಿರುವುದು ಬ್ಯಾಣ (ಹುಲ್ಲುಗಾವಲು), ಮನೆಯಲ್ಲ. ಎರಡರಲ್ಲಿ ಯಾವುದಾದರೂ ಸರಿ, ಆ ಹೆಚ್ಚುವರಿ ಹಾಳೆಯನ್ನು ನಮ್ಮ ಮನೆಯಿಂದಲೇ ಶುರು ಮಾಡಿ. ಬರುವ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಸರ್ವೆಯವರನ್ನು ಹಳೆ ಗ್ರಾಮ ನಕ್ಷೆಯ ಜೊತೆ ಕಳಿಸಿ. ಸರಪಳಿ ಹಿಡಿಯಲು, ಗಿಡಗಂಟಿ ಸವರಲು ಆಳು ನಾವು ಕೊಡುತ್ತೇವೆ. ದಾರಿ ಗೊತ್ತಿರುವ ಇಬ್ಬರು ಹಿರಿಯರು ಜೊತೆಗೆ ಬರಲು ಒಪ್ಪಿದ್ದಾರೆ. ಅವರಿಗೆ ಜಾಸ್ತಿ ನಡೆಯಲು ಆಗುವುದಿಲ್ಲ, ದಡದ ತನಕ ಜೀಪಿನಲ್ಲಿ ಕರೆದುಕೊಂಡು ಹೋಗುವ ಏರ್ಪಾಡು ನಿಮ್ಮದು.

ಇಂತಿ,
ಸಾಗರ ತಾಲ್ಲೂಕಿನ ಹಿನ್ನೀರು ಭಾಗದ ಒಬ್ಬ ಬೆಳೆಗಾರ